ಕರಡಿಯ ಸೀಮೆಯಲ್ಲಿ ಬಂದೂಕಿನ ಬಾಳು

ಹಂಪೆಯ ಮಾತಂಗ ಪರ್ವತದ ನೆತ್ತಿಯ ಮೇಲೆ ನಿಂತು ನೋಡಿದವನಿಗೆ ನಾಲ್ಕೂರಿನ ಸೀಮೆ ಅಂಗೈಯ ಗೆರೆಗಳಂತೆ ಹರಡಿಕೊಂಡು ಕಾಣುತ್ತದೆ. ನೈರುತ್ಯಕ್ಕೆ ಹೊಸಪೇಟೆ, ದಕ್ಷಿಣಕ್ಕೆ ಸಂಡೂರಿನ ಕೆಮ್ಮಣ್ಣಿನ ಬೆಟ್ಟಸಾಲು, ಈಶಾನ್ಯಕ್ಕೆ ತುಂಗಭದ್ರೆ ಹರಿದಿಳಿಯುವ ದಾರಿಯಲ್ಲಿ ಕಂಪ್ಲಿ, ಆಗ್ನೇಯಕ್ಕೆ ಕರಡಿಗಳ ಬೀಡಾದ ದರೋಜಿಯ ಕಲ್ಲುಗುಡ್ಡಗಳು. ಬರಿಗೈಯ ಪ್ರವಾಸಿ ಈ ಸೀಮೆಯನ್ನೆಲ್ಲ ಒಂದೇ ಹಗಲಿನಲ್ಲಿ ಸುತ್ತಿ ಬರಬಹುದು. ಆದರೆ ಹೆಗಲಿಗೆ ಬಂದೂಕನ್ನೇರಿಸಿಕೊಂಡವನ ಪ್ರಯಾಣ ಅಷ್ಟು ಸುಲಭವಾದುದಲ್ಲ. ಅವನು ಎರಡು ಜಿಲ್ಲೆಗಳ ಎಲ್ಲೆಯನ್ನು ದಾಟಬೇಕಾಗುತ್ತದೆ. ಒಂದು ಅಭಯಾರಣ್ಯದ ಅಂಚನ್ನು ಹಾಯಬೇಕಾಗುತ್ತದೆ. ದಾರಿಯಲ್ಲಿ ಜಾತ್ರೆಯೊಂದು ಎದುರಾದರೆ ಅಲ್ಲಿಯೂ ಅವನಿಗೊಂದು ಕಟ್ಟಳೆಯುಂಟು. ಕಣ್ಣಿಗೆ ಕಾಣದ ಈ ಗೆರೆಗಳನ್ನು ಅರಿಯದವನು ಒಂದು ಗುಂಡನ್ನೂ ಹಾರಿಸದೆ ಅಪರಾಧಿಯಾಗಬಲ್ಲನು. ಈ ಲೇಖನದ ವಿಷಯ ಅದೇ.

ಬಂದೂಕು ಬಂದ ಬಗೆ

ಬೇಟೆ ಈ ನೆಲಕ್ಕೆ ಹೊಸತಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ಚಿತ್ರಗಳು ಸಾಲುಗಟ್ಟಿವೆ. ಬಂದೂಕು ಮಾತ್ರ ತಡವಾಗಿ ಬಂದ ಅತಿಥಿ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ, ಕ್ರಿಸ್ತೊವಾಂವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ಬಂದು, ಗೋಡೆಯ ಮೇಲೆ ತಲೆಯೆತ್ತಿದ ಕಾವಲುಗಾರರನ್ನು ಗುರಿಯಿಟ್ಟು ಹೊಡೆದ ಸಂಗತಿಯನ್ನು ನೂನಿಜನು ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅಂದು ವಿಜಯನಗರಕ್ಕೆ ಗೆಲುವು ತಂದ ಮದ್ದಿನ ಆಯುಧಗಳೇ ಅರ್ಧ ಶತಮಾನ ತುಂಬುವ ಮೊದಲು, 1565ರ ಯುದ್ಧದಲ್ಲಿ, ಸುಲ್ತಾನರ ಫಿರಂಗಿಗಳ ರೂಪದಲ್ಲಿ ಅದರ ಪತನಕ್ಕೂ ಕಾರಣವಾದುವು. ಆಯುಧಕ್ಕೆ ಸ್ವಾಮಿನಿಷ್ಠೆಯಿಲ್ಲವೆಂಬ ಪಾಠವನ್ನು ಹಂಪೆಯಷ್ಟು ಸ್ಪಷ್ಟವಾಗಿ ಹೇಳುವ ಊರು ಮತ್ತೊಂದಿಲ್ಲ.

1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಲಾರ್ಡ್ ಲಿಟ್ಟನ್ ವೈಸರಾಯನಾಗಿದ್ದ ಕಾಲದಲ್ಲಿ, 1878ರಲ್ಲಿ, ಆಯುಧಗಳ ಕಾಯಿದೆ ಜಾರಿಗೆ ಬಂದು ಭಾರತೀಯರ ಬಂದೂಕಿಗೆ ಪರವಾನಗಿಯ ಬೇಡಿ ಬಿದ್ದಿತು. ಆದರೆ ಆ ಕಾಯಿದೆ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದೊಳಗೆ ಮಾತ್ರ. ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಪ್ರಾಂತದಲ್ಲಿದ್ದುವು. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಹೊಳೆಯಾಚೆಯ ಆನೆಗೊಂದಿ ನಿಜಾಮನ ರಾಜ್ಯಕ್ಕೆ ಸೇರಿತ್ತು. ಸಂಡೂರಿನ ಕಣಿವೆಯಿಂದ ಹೊರಬಿದ್ದರೆ ಒಂದು ಆಳ್ವಿಕೆ, ಹರಿಗೋಲು ಹತ್ತಿ ಹೊಳೆ ದಾಟಿದರೆ ಇನ್ನೊಂದು. ಬಂದೂಕು ಹಿಡಿದವನಿಗೆ ಇವು ಮೂರು ದೇಶಗಳಿದ್ದಂತೆಯೇ ಇದ್ದುವು.

ಪರವಾನಗಿಯ ಈ ಬೇಡಿ ಸ್ವಾತಂತ್ರ್ಯದ ಹೋರಾಟಗಾರರ ಮನಸ್ಸನ್ನು ಕೆರಳಿಸಿದುದು ಸಹಜವೇ. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಪ್ರಜೆಯ ಹಕ್ಕುಗಳಲ್ಲಿ ಎಣಿಸಲಾಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಇದೇ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಅಂದಿನಿಂದ ಭಾರತದಲ್ಲಿ ಬಂದೂಕು ಪ್ರಜೆಯ ಮೂಲಭೂತ ಹಕ್ಕಲ್ಲ. ಕಾಯಿದೆಯ ಅನುಮತಿಯಿಂದ ದೊರೆಯುವ ಒಂದು ಸೌಕರ್ಯ.

1949ರಲ್ಲಿ ಸಂಡೂರು ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. 1953ರಲ್ಲಿ ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. 1878ರ ಕಾಯಿದೆಯ ಸ್ಥಾನದಲ್ಲಿ 1959ರ ಆಯುಧಗಳ ಕಾಯಿದೆ ರೂಪುಗೊಂಡು, 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆಯುಧಗಳ ವಿಷಯ ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿರುವುದರಿಂದ ದೇಶಕ್ಕೆಲ್ಲ ಒಂದೇ ಕಾಯಿದೆ. ಅದನ್ನು ಊರೂರಿನಲ್ಲಿ ನಡೆಸುವವರು ಮಾತ್ರ ಆಯಾ ಜಿಲ್ಲೆಯ ಅಧಿಕಾರಿಗಳು.

ಕಾಯಿದೆ ಕೊಡುವುದೇನು?

ಬಂದೂಕಿನ ಪರವಾನಗಿ ಶ್ರೀಮಂತರಿಗೆ ಮಾತ್ರ ಮೀಸಲೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಕಾಯಿದೆಯ ಮಾತು ಬೇರೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸಲಾಗದೆಂದು 14ನೆಯ ಕಲಮು ಬಿಡಿಸಿ ಹೇಳುತ್ತದೆ. ಅಷ್ಟೇ ಅಲ್ಲ, ಆತ್ಮರಕ್ಷಣೆಗೋ ಕ್ರೀಡೆಗೋ ಬೇಕಾದ, 20 ಅಂಗುಲಕ್ಕೆ ಕಡಮೆಯಿಲ್ಲದ ನಯವಾದ ನಳಿಗೆಯ ಬಂದೂಕು, ಬೆಳೆ ಕಾಯಲು ಬೇಕಾದ ಬಾಯಿಯಿಂದ ಮದ್ದು ತುಂಬುವ ಕೋವಿ, ಮನ್ನಣೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿಯ ಅಭ್ಯಾಸಕ್ಕೆ ಬೇಕಾದ ಪಾಯಿಂಟ್ 22 ರೈಫಲ್ಲು — ಇವುಗಳಿಗೆ, ನಿರಾಕರಿಸಲು ತಕ್ಕ ಕಾರಣವಿಲ್ಲದಿದ್ದರೆ, ಪರವಾನಗಿಯನ್ನು ಕೊಡತಕ್ಕದ್ದೆಂದೇ 13ನೆಯ ಕಲಮು ವಿಧಿಸುತ್ತದೆ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಸಾರ್ವಜನಿಕ ಹಿತಕ್ಕೆ ಅಡ್ಡಿಯಿಲ್ಲದಿದ್ದರೆ ಅದನ್ನು ಅರ್ಜಿದಾರನಿಗೂ ತಿಳಿಸಬೇಕು. ಅದರ ಮೇಲೆ ಅವನು ಅಪೀಲು ಹೋಗಬಹುದು.

ಕೇಳುವವನ ಹೊಣೆಯೂ ಕಡಮೆಯದಲ್ಲ. ಅವನಿಗೆ 21 ವರ್ಷ ತುಂಬಿರಬೇಕು. ಹಿಂಸೆಯ ಅಪರಾಧದಲ್ಲಿ ಶಿಕ್ಷೆ ಹೊಂದಿದವನಾಗಿರಬಾರದು, ಬುದ್ಧಿ ಸ್ವಸ್ಥವಾಗಿರಬೇಕು. 2016ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದಿರಬೇಕು. ಮನೆಯಲ್ಲಿ ಅದನ್ನು ಭದ್ರವಾಗಿಡುವೆನೆಂದು ಬರೆದುಕೊಡಬೇಕು. ಆ ಬಳಿಕ ಪೋಲೀಸರ ವರದಿ. ಅದರ ಮೇಲೆ ಜಿಲ್ಲಾ ದಂಡಾಧಿಕಾರಿಯ ತೀರ್ಮಾನ. 2019ರ ತಿದ್ದುಪಡಿಯಾದಂದಿನಿಂದ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷ. ಪ್ರತಿಯೊಂದು ಪರವಾನಗಿಗೂ ರಾಷ್ಟ್ರದ ದಾಖಲೆಯಲ್ಲಿ ಒಂದು ವಿಶಿಷ್ಟ ಸಂಖ್ಯೆಯಿರಬೇಕು. ಆ ಸಂಖ್ಯೆಯಿಲ್ಲದ ಹಳೆಯ ಪುಸ್ತಕ ಎಷ್ಟೇ ಮೊಹರುಗಳಿಂದ ತುಂಬಿದ್ದರೂ ಇಂದು ನಡೆಯದು.

ಈ ಸಂಗತಿಗಳನ್ನು ಅಲಕ್ಷ್ಯ ಮಾಡಿದವನಿಗೆ ಕಾದಿರುವ ಶಿಕ್ಷೆ ಕಠಿಣವಾದುದು. ಪರವಾನಗಿಯಿಲ್ಲದ ಸಾಧಾರಣ ಬಂದೂಕು ಕೈಯಲ್ಲಿದ್ದರೆ, 2019ರ ತಿದ್ದುಪಡಿಯ ಮೇರೆಗೆ, ಎರಡು ವರ್ಷಕ್ಕೆ ಕಡಮೆಯಿಲ್ಲದೆ ಐದು ವರ್ಷಗಳವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟು.

ಇಂಥ ಕಾಯಿದೆಗೂ ಕರ್ನಾಟಕದಲ್ಲೇ ಒಂದು ಹೊರತುಂಟು. 1861ರಲ್ಲಿ ಮಾರ್ಕ್ ಕಬ್ಬನ್ನನ ಕಾಲದಿಂದ ಬಂದ ರಿಯಾಯಿತಿಯಂತೆ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕುಗಳಿಗೆ ಪರವಾನಗಿಯ ಅಗತ್ಯವಿಲ್ಲ. 2019ರಲ್ಲಿ ಅದನ್ನು ಹತ್ತು ವರ್ಷಗಳ ಅವಧಿಗೆ ಮುಂದುವರಿಸಲಾಯಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಡಗಿನ ನೆಂಟರ ಮನೆಯಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಕೈಲ್‌ಪೊಳ್ದನ್ನು ಕಂಡು ಬಂದ ಬಯಲುಸೀಮೆಯವನು ತನಗೂ ಅಂಥ ಸ್ವಾತಂತ್ರ್ಯವುಂಟೆಂದು ಭಾವಿಸಿದರೆ ಮೋಸ ಹೋದಂತೆಯೇ. ತುಂಗಭದ್ರೆಯ ದಂಡೆಯಲ್ಲಿ ಆ ರಿಯಾಯಿತಿ ಇಲ್ಲ.

ಎರಡು ಜಿಲ್ಲೆ, ಎರಡು ಕಚೇರಿ

2021ರಲ್ಲಿ ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆ ಅದರ ಮುಖ್ಯ ಪಟ್ಟಣವಾಯಿತು. ಹಂಪೆ ಅದರೊಳಗೆ ಸೇರಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಕಬ್ಬಿನ ಗಾಡಿಗೆ, ಬಾಳೆಯ ಲಾರಿಗೆ, ಮದುವೆಯ ದಿಬ್ಬಣಕ್ಕೆ ಈ ಗೆರೆಯ ಪರಿವೆಯೇ ಇಲ್ಲ. ಬಂದೂಕಿಗೆ ಮಾತ್ರ ಉಂಟು. ಹೊಸಪೇಟೆಯವನ ಪರವಾನಗಿ ಹೊಸಪೇಟೆಯ ಜಿಲ್ಲಾ ಕಚೇರಿಗೆ ಸೇರಿದ್ದು, ಕಂಪ್ಲಿಯವನದು ಬಳ್ಳಾರಿಗೆ.

ಪರವಾನಗಿ ಯಾವ ಪ್ರದೇಶಕ್ಕೆ ಸಲ್ಲುತ್ತದೆಂಬುದನ್ನು ಅದರ ಮೇಲೆಯೇ ಬರೆದಿರುತ್ತದೆ. ಅದು ಜಿಲ್ಲೆಗೆ ಮಾತ್ರವೋ, ರಾಜ್ಯಕ್ಕೆಲ್ಲವೋ, ಇಡೀ ದೇಶಕ್ಕೋ ಎಂಬುದನ್ನು ಓದಿಕೊಳ್ಳದೆ ಬಂದೂಕನ್ನು ಹೊರಗೆ ತೆಗೆಯುವುದು ಅವಿವೇಕ. ಬಳ್ಳಾರಿ ಜಿಲ್ಲೆಗೆಂದು ಬರೆದ ಪರವಾನಗಿ ಹಿಡಿದು ಕಂಪ್ಲಿಯವನು ಹೊಸಪೇಟೆಯ ಮಾವನ ಮನೆಗೆ ಬಂದೂಕು ತಂದರೆ, ದಾರಿ ಹತ್ತಿರದ್ದಾದರೂ ತಪ್ಪು ಚಿಕ್ಕದಾಗದು. ಮನೆಯನ್ನೇ ಬದಲಾಯಿಸಿ ಬಂದೂಕಿನೊಡನೆ ಬಂದವನು, ಅಥವಾ 30 ದಿನಗಳಿಗೆ ಮೀರಿ ಬೇರೆಡೆ ನೆಲಸುವವನು, ಹಳೆಯ ಕಚೇರಿಗೂ ಹೊಸ ಕಚೇರಿಗೂ 30 ದಿನಗಳೊಳಗೆ ತಿಳಿಸಬೇಕು. ಹಿಂದೆ ಮೂರು ಆಳ್ವಿಕೆಗಳು ಎಳೆದಿದ್ದ ಗೆರೆಗಳು ಅಳಿಸಿಹೋದುವು. ಅವುಗಳ ಜಾಗದಲ್ಲಿ ಈಗ ಒಂದೇ ರಾಜ್ಯದ ಎರಡು ಕಚೇರಿಗಳ ನಡುವೆ ಹೊಸ ಗೆರೆ ಬಿದ್ದಿದೆ.

ಕರಡಿಯ ಪಾಲು

ಈ ಸೀಮೆಯ ಬಂದೂಕಿಗೆ ಮತ್ತೆಲ್ಲಿಯೂ ಇಲ್ಲದ ವಿಶೇಷವನ್ನು ತಂದುಕೊಟ್ಟಿರುವುದು ಒಂದು ಕಪ್ಪು ಪ್ರಾಣಿ. ಕಮಲಾಪುರದ ಬಳಿಯಿಂದ ಆರಂಭವಾಗುವ ದರೋಜಿಯ ಕುರುಚಲು ಕಾಡನ್ನು 1994ರಲ್ಲಿ ಕರಡಿಗಳ ಅಭಯಾರಣ್ಯವೆಂದು ಸಾರಲಾಯಿತು. ಸಂಜೆಯಾಗುತ್ತಲೇ ಬಂಡೆಗಳ ಸಂದಿನಿಂದ ಕರಡಿಗಳು ಇಳಿದು ಬರುವುದನ್ನು ಕರಡಿಕಲ್ಲು ಗುಡ್ಡದ ಎದುರಿನ ಗೋಪುರದಿಂದ ಕುಳಿತು ನೋಡುವ ಭಾಗ್ಯ ಪ್ರವಾಸಿಗಳದು.

ಅಭಯಾರಣ್ಯವೆಂದರೆ ಬಂದೂಕಿನ ಒಡೆಯನಿಗೆ ಮೂರು ಕಟ್ಟಳೆಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅದರೊಳಗೆ ಕಾಲಿಡುವಂತಿಲ್ಲ. ಅಭಯಾರಣ್ಯ ಘೋಷಣೆಯಾದ ಮೂರು ತಿಂಗಳೊಳಗೆ, ಅದರೊಳಗಾಗಲಿ ಅದರಿಂದ 10 ಕಿಲೋಮೀಟರಿನೊಳಗಾಗಲಿ ವಾಸಿಸುವ ಪ್ರತಿಯೊಬ್ಬ ಪರವಾನಗಿದಾರನೂ ಅವರಲ್ಲಿ ತನ್ನ ಹೆಸರನ್ನು ನೋಂದಾಯಿಸಲು ಅರ್ಜಿ ಸಲ್ಲಿಸಬೇಕು. ಆ 10 ಕಿಲೋಮೀಟರಿನ ಬಳಸಿನಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಅವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಹೀಗೆ ಕಮಲಾಪುರದ ಸುತ್ತಿನ ರೈತನ ಅರ್ಜಿಗೆ ಜಿಲ್ಲಾ ಕಚೇರಿಯೊಂದೇ ಬಾಗಿಲಲ್ಲ. ಕಾಡಿನ ಬಾಗಿಲನ್ನೂ ತಟ್ಟಬೇಕು.

ನಿಜವಾದ ಸಂಕಟ ಇರುವುದು ಇಲ್ಲಿಯೇ. ಕಾಲುವೆಯ ನೀರಿನಲ್ಲಿ ಬೆಳೆದ ಕಬ್ಬು, ಬಾಳೆಗಳ ತೋಟಕ್ಕೆ ರಾತ್ರಿ ಕಾಡುಹಂದಿಯ ಹಿಂಡು ನುಗ್ಗಿತೆಂದರೆ ಬೆಳಗಾಗುವುದರೊಳಗೆ ವರ್ಷದ ದುಡಿಮೆ ನೆಲಕಚ್ಚುತ್ತದೆ. ಬೆಳೆ ಕಾಯಲೆಂದೇ ಕೊಟ್ಟ ಕೋವಿ ಕೈಯಲ್ಲಿರುವಾಗ ಗುಂಡು ಹಾರಿಸಿದರೆ ತಪ್ಪೇನೆಂದು ರೈತ ಕೇಳುವುದು ಸಹಜ. ಆದರೆ ಕೋವಿಯ ಪರವಾನಗಿ ಬೇರೆ, ಕೊಲ್ಲುವ ಅನುಮತಿ ಬೇರೆ. ಹಂದಿಯಂಥ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿಯಾಗಿದೆಯೆಂದು ವನ್ಯಜೀವಿ ಅಧಿಕಾರಿಗೆ ಮನವರಿಕೆಯಾದರೆ, ಅವನು ಬರೆದುಕೊಟ್ಟ ಆಜ್ಞೆಯಿಂದ ಮಾತ್ರ ಅದನ್ನು ಹೊಡೆಯಬಹುದು. ಕರಡಿಯ ವಿಷಯ ಇನ್ನೂ ಬಿಗಿ. ಅದು ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿಯೇ ಇಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯವಾಗಿದ್ದರೆ, ಅಥವಾ ಅದು ಗುಣವಾಗದ ರೋಗಕ್ಕೋ ಗಾಯಕ್ಕೋ ತುತ್ತಾಗಿದ್ದರೆ ಮಾತ್ರ ಮುಖ್ಯ ಪಾಲಕರು ಆಜ್ಞೆ ಕೊಡಬಲ್ಲರು. ಮೈಮೇಲೆ ಎರಗಿದ ಪ್ರಾಣಿಯನ್ನು ಸದ್ಭಾವನೆಯಿಂದ, ಪ್ರಾಣರಕ್ಷಣೆಗಾಗಿ ಕೊಂದರೆ ಅದು ಅಪರಾಧವಲ್ಲ. ಆದರೆ ಕಾಯಿದೆಯನ್ನು ಮುರಿಯುತ್ತಿರುವಾಗಲೇ ಕರಡಿಗೆ ಸಿಕ್ಕವನಿಗೆ ಆ ರಕ್ಷಣೆಯೂ ಇಲ್ಲ.

ಹಾಗಾದರೆ ರೈತನಿಗೆ ಉಳಿದುದೇನು? ಕಾವಲು, ಬೇಲಿ, ಬೆಳೆಹಾನಿಗಾಗಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ. ಇವು ಗುಂಡಿನಷ್ಟು ಶೀಘ್ರವಾದ ಉಪಾಯಗಳಲ್ಲವೆಂಬುದು ಸತ್ಯ. ಆದರೆ ಸೆರೆಮನೆ ಸೇರಿದ ಯಜಮಾನನ ಹೊಲವನ್ನು ಹಂದಿಯಿಂದ ಕಾಯುವವರು ಯಾರೆಂಬುದೂ ಅಷ್ಟೇ ಸತ್ಯವಾದ ಪ್ರಶ್ನೆ.

ಷಿಕಾರಿಯ ಕಾಲವಂತೂ ಮುಗಿದ ಕಥೆ. 1972ರ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಬೇಟೆಯ ಲೈಸೆನ್ಸುಗಳನ್ನೇ ಕೊನೆಗಾಣಿಸಿತು. ಸಂಡೂರಿನ ರಾಜಮನೆತನದಲ್ಲಿ ಹುಟ್ಟಿ ರಾಜ್ಯದ ಹಣಕಾಸಿನ ಮಂತ್ರಿಯಾಗಿದ್ದ ಎಂ. ವೈ. ಘೋರ್ಪಡೆಯವರು (1931–2011) ಕಾಡಿಗೆ ಹೋದುದು ಕ್ಯಾಮರಾ ಹಿಡಿದು. ವನ್ಯಜೀವಿಗಳ ಛಾಯಾಚಿತ್ರಕಾರರೆಂದು ಅವರು ದೇಶದ ಹೊರಗೂ ಹೆಸರಾದರು. ಗುರಿ ಅದೇ, ತಾಳ್ಮೆ ಅದೇ; ಪ್ರಾಣಿ ಮಾತ್ರ ಬದುಕಿ ಉಳಿಯುತ್ತದೆ.

ನೆಂಟರು, ಜಾತ್ರೆ, ಚುನಾವಣೆ

ಹಳ್ಳಿಯಲ್ಲಿ ನೇಗಿಲನ್ನು ಕಡ ಕೇಳುವಂತೆ ಬಂದೂಕನ್ನೂ ಕೇಳುವುದುಂಟು. “ಭಾವಾ, ಒಂದು ರಾತ್ರಿ ಮಟ್ಟಿಗೆ ಬಂದೂಕು ಕೊಡ್ರಿ, ಹಂದಿ ಬಂದು ಹೊಲ ಹಾಳು ಮಾಡ್ಯಾವ” ಎಂದು ಹೆಂಡತಿಯ ತಮ್ಮ ಬಾಗಿಲಲ್ಲಿ ನಿಂತರೆ ಇಲ್ಲವೆನ್ನುವುದು ಕಷ್ಟ. ಆದರೂ ಇಲ್ಲವೆನ್ನಲೇಬೇಕು. ಪರವಾನಗಿಯಲ್ಲಿ ಹೆಸರಿಲ್ಲದವನ ಕೈಗೆ ಬಂದೂಕನ್ನು ಒಪ್ಪಿಸಿದರೆ ಕೊಟ್ಟವನೂ ತಪ್ಪಿತಸ್ಥ, ಕೊಂಡವನೂ ತಪ್ಪಿತಸ್ಥ. ಕಾಯಿದೆ ಬಿಟ್ಟಿರುವ ಕಿಟಕಿ ಚಿಕ್ಕದು: ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ, ಅಥವಾ ಒಡೆಯನದೇ ಬಳಕೆಗೆ, ಅವನ ಸಮ್ಮುಖದಲ್ಲಿ ಇಲ್ಲವೆ ಅವನು ಬರೆದುಕೊಟ್ಟ ಪತ್ರದ ಆಧಾರದಿಂದ ಇನ್ನೊಬ್ಬನು ಅದನ್ನು ಒಯ್ಯಬಹುದು. ಹಾಸಿಗೆ ಹಿಡಿದ ತಂದೆಯ ಬಂದೂಕನ್ನು ಮಗ ನವೀಕರಣಕ್ಕಾಗಿ ಕಚೇರಿಗೆ ತರುವಾಗ ಜೇಬಿನಲ್ಲಿ ಆ ಪತ್ರವಿರಬೇಕು.

ಜಾತ್ರೆಗೆ, ದೇವರ ಮೆರವಣಿಗೆಗೆ, ಜನ ನೆರೆದ ಸಭೆಗೆ, ಶಾಲೆ ಕಾಲೇಜುಗಳ ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಬಂದೂಕನ್ನು ಒಯ್ಯಬಾರದೆಂಬುದು ಪರವಾನಗಿಯ ಷರತ್ತುಗಳಲ್ಲೊಂದು. ಹಂಪೆಯ ವಿರೂಪಾಕ್ಷನ ತೇರಿಗೂ ಸಂಡೂರಿನ ಕುಮಾರಸ್ವಾಮಿಯ ಜಾತ್ರೆಗೂ ಭಕ್ತಿಯೊಂದೇ ಸಾಕು. ಮದುವೆಯ ಚಪ್ಪರದಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ.

ಇನ್ನು ಚುನಾವಣೆ. ದಿನಾಂಕ ಪ್ರಕಟವಾಯಿತೆಂದರೆ ಬಂದೂಕುಗಳು ಠಾಣೆಯ ದಾರಿ ಹಿಡಿಯುತ್ತವೆ. ಯಾರ ಬಂದೂಕನ್ನು ಠೇವಣಿ ಇಡಿಸಬೇಕೆಂಬುದನ್ನು ಜಿಲ್ಲಾ ದಂಡಾಧಿಕಾರಿಯ ಮುಂದಾಳುತನದ ಪರಿಶೀಲನಾ ಸಮಿತಿ ನೋಡಬೇಕೆಂದು ಚುನಾವಣಾ ಆಯೋಗ ಸೂಚಿಸಿದೆ. ಸಂಡೂರಿನವರು 2024ರಲ್ಲಿ ಮೇ ತಿಂಗಳಲ್ಲಿ ಲೋಕಸಭೆಗೂ ನವೆಂಬರ್ 13ರಂದು ವಿಧಾನಸಭೆಯ ಉಪಚುನಾವಣೆಗೂ, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ಮತಗಟ್ಟೆಯ ಮುಂದೆ ನಿಂತರು. ಬೆಳೆ ಕಾಯುವ ಸುಗ್ಗಿಯಲ್ಲಿಯೇ ಇಂಥ ಆಜ್ಞೆ ಬಂದರೆ ರೈತನಿಗೆ ನೋವಾಗುವುದು ನಿಶ್ಚಯ. ಅಂಥವನು ತನ್ನ ಅಗತ್ಯವನ್ನು ವಿವರಿಸಿ ಸಮಿತಿಗೆ ಅರ್ಜಿ ಬರೆಯಬೇಕೇ ಹೊರತು ಬಂದೂಕನ್ನು ಹುಲ್ಲಿನ ಬಣವೆಯಲ್ಲಿ ಅಡಗಿಸಬಾರದು. ಠೇವಣಿ ಇಟ್ಟವನು ರಸೀತಿಯನ್ನು ಕೇಳಿ ಪಡೆದು ಪರವಾನಗಿಯ ಜತೆಯಲ್ಲೇ ಜೋಪಾನ ಮಾಡಬೇಕು.

ತಂದೆಯ ಬಂದೂಕು

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ತೊಡಕಿಗೆ ಸಿಲುಕಿಸಬಲ್ಲ ಸಂಗತಿ ಸಾವು. ಪರವಾನಗಿ ವ್ಯಕ್ತಿಗೆ ಕೊಟ್ಟದ್ದು. ಅವನ ಉಸಿರಿನೊಡನೆ ಅದೂ ಮುಗಿಯುತ್ತದೆ. ಹನ್ನೆರಡನೆಯ ದಿನದ ಊಟ ಮುಗಿಸಿ ನೆಂಟರು ಹೊರಟ ಮೇಲೂ ಗೋಡೆಯ ಮೇಲೆ ತೂಗುತ್ತಿರುವ ಬಂದೂಕು ಮನೆಯವರ ಪಾಲಿಗೆ ಪರವಾನಗಿಯಿಲ್ಲದ ಆಯುಧವೇ. ಅದನ್ನು ಅನಾವಶ್ಯಕವಾಗಿ ತಡಮಾಡದೆ ಹತ್ತಿರದ ಪೋಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕಿನ ವ್ಯಾಪಾರಿಯಲ್ಲೋ ಠೇವಣಿ ಇಡಬೇಕೆಂದು 21ನೆಯ ಕಲಮು ಹೇಳುತ್ತದೆ. ಠೇವಣಿ ಇಟ್ಟ ಮಾತ್ರಕ್ಕೆ ಆಸ್ತಿ ಕೈಬಿಟ್ಟುಹೋಗದು. ವಾರಸುದಾರ ತನ್ನ ಹೆಸರಿನಲ್ಲಿ ಪರವಾನಗಿ ಪಡೆದು ಅದನ್ನು ಮರಳಿ ತರಬಹುದು, ಅಥವಾ ಮಾರಬಹುದು.

ಸಾವಿನವರೆಗೆ ಕಾಯಲೇಬೇಕೆಂದೂ ಇಲ್ಲ. ಒಡೆಯನಿಗೆ 70 ವರ್ಷ ತುಂಬಿದ ಮೇಲೆ, ಅಥವಾ ಬಂದೂಕು ಅವನ ಕೈಯಲ್ಲಿ 25 ವರ್ಷ ಕಳೆದ ಮೇಲೆ, ವಾರಸುದಾರನ ಹೆಸರಿಗೆ ಪರವಾನಗಿ ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ತಂದೆ ಕಣ್ಣೆದುರಿಗೆ ಇರುವಾಗಲೇ ಮಗನೋ ಮಗಳೋ ತರಬೇತಿ ಪಡೆದು ಅರ್ಜಿ ಹಾಕುವುದು ಜಾಣತನ. ಆದರೆ ಲೆಕ್ಕ ನೆನಪಿರಲಿ: 2019ರ ಹಿಂದೆ ಒಬ್ಬನು ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಾಗಿತ್ತು, ಈಗ ಎರಡು ಮಾತ್ರ. ವಂಶದಿಂದ ಬಂದುದೆಂಬ ವಾದದಿಂದ ಆ ಮಿತಿ ಹೆಚ್ಚುವುದಿಲ್ಲ. ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದ, ಹಳೆಯ ಕಾಲದ ನಮೂನೆಯ ಆಯುಧಗಳಿಗೆ ಮಾತ್ರ ಕಾಯಿದೆಯಿಂದ ವಿನಾಯಿತಿ.

ಗುರಿಯ ಆಟ

ಇಷ್ಟೆಲ್ಲ ಕಟ್ಟಳೆಗಳ ನಡುವೆ ಬಂದೂಕಿನ ಸಂತೋಷ ಉಳಿದೀತೇ ಎಂದು ತರುಣರು ಕೇಳಬಹುದು. ಉಳಿದಿದೆ; ಅದು ಕಾಡಿನಿಂದ ಮೈದಾನಕ್ಕೆ ಬಂದಿದೆ. 1951ರಲ್ಲಿ ಜಿ. ವಿ. ಮಾವಳಂಕರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿದುದು ಈ ಉದ್ದೇಶದಿಂದಲೇ. 2008ರ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು 10 ಮೀಟರ್ ಗಾಳಿರೈಫಲ್ಲಿನಲ್ಲಿ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚುಗಳನ್ನು ತಂದುದು ಗಾಳಿಪಿಸ್ತೂಲಿನಿಂದ. ನಳಿಗೆಯ ವ್ಯಾಸ 4.5 ಮಿಲಿಮೀಟರನ್ನೂ ಗುಂಡಿನ ಶಕ್ತಿ 20 ಜೂಲನ್ನೂ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಕಿಲ್ಲ. ಮನ್ನಣೆ ಪಡೆದ ಕ್ಲಬ್ಬುಗಳಲ್ಲಿ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ, 21 ತುಂಬದ ಎಳೆಯರೂ ನಿಯಮದ ಪ್ರಕಾರ ಅಭ್ಯಾಸ ಮಾಡಬಹುದು. ಆದರೆ ಗಾಳಿಬಂದೂಕಿನಿಂದ ತುಂಗಭದ್ರೆಯ ದಂಡೆಯ ಹಕ್ಕಿಗಳಿಗೆ ಗುರಿಯಿಟ್ಟವನನ್ನು ವನ್ಯಜೀವಿ ಕಾಯಿದೆ ಕೇಳದೆ ಬಿಡದು.

ಕಟ್ಟಳೆಗಳ ಪಟ್ಟಿ ಉದ್ದವಾಗಿದ್ದರೂ ಅದರ ತಿರುಳು ಸರಳವಾದುದು. ಹೊಲ, ಮನೆ, ಒಡವೆಗಳಂತೆ ಬಂದೂಕು ಒಬ್ಬನ ಪೂರ್ಣ ಸ್ವತ್ತಲ್ಲ. ನೆರೆಯವನ ನೆಮ್ಮದಿಗೂ ಬಂಡೆಯ ಸಂದಿನ ಕರಡಿಗೂ ನಾಳೆಯ ವಾರಸುದಾರನಿಗೂ ಅದರಲ್ಲಿ ಪಾಲುಂಟು. ಆದುದರಿಂದ ಈ ಸೀಮೆಯಲ್ಲಿ ಬಂದೂಕಿರುವ ಮನೆಯವರು ಇಂದೇ ಮಾಡಬಹುದಾದ ಕೆಲಸವೊಂದಿದೆ. ಪೆಟ್ಟಿಗೆಯ ತಳದಲ್ಲಿರುವ ಪರವಾನಗಿಯನ್ನು ಹೊರತೆಗೆದು ನಾಲ್ಕು ಸಂಗತಿಗಳನ್ನು ಓದಿಕೊಳ್ಳಲಿ: ಅವಧಿ ಎಂದಿನವರೆಗೆ, ಸಲ್ಲುವ ಪ್ರದೇಶ ಯಾವುದು, ವಿಶಿಷ್ಟ ಸಂಖ್ಯೆ ಇದೆಯೇ, ಒಳಗಿರುವ ಹೆಸರು ಇನ್ನೂ ಬದುಕಿರುವವರದೇ. ಈ ನಾಲ್ಕಕ್ಕೂ ಸರಿಯಾದ ಉತ್ತರವಿರುವ ಮನೆಯಲ್ಲಿ ಬಂದೂಕು ಯಾರ ನಿದ್ದೆಯನ್ನೂ ಕೆಡಿಸದು.